ಮರ ಮೊದಲು, ಗೋಡೆ ಆಮೇಲೆ

ಆ ಬೂದಿ ಬಣ್ಣವನ್ನು ಆರಿಸಿದ್ದು ನಾನೇ. ಅಂಗಡಿಯ ಕೌಂಟರಿನ ಮೇಲೆ ಬಣ್ಣದ ಚೀಟಿಗಳ ಪುಸ್ತಕ ಬಿಚ್ಚಿಕೊಂಡು ಅರ್ಧ ಗಂಟೆ ಪುಟ ತಿರುವಿದ್ದೆ. ಮಳೆ ನಿಂತ ಮೇಲಿನ ಮೋಡದಂಥ ತಿಳಿ ಬೂದಿಯೊಂದು ಕಣ್ಣಿಗೆ ಹಿತವಾಗಿ ಕಂಡಿತು, ಅದರ ಮೇಲೆ ಬೆರಳಿಟ್ಟೆ. ನಾಲ್ಕು ದಿನದಲ್ಲಿ ಮೈಸೂರಿನ ನಮ್ಮ ಮನೆಯ ಹಜಾರದ ಗೋಡೆಗಳಿಗೆಲ್ಲ ಎರಡೆರಡು ಕೋಟು ಬಿತ್ತು. ಮಧ್ಯಾಹ್ನದ ಬೆಳಕಿನಲ್ಲಿ ಚೆನ್ನಾಗಿಯೇ ಇತ್ತು. ಸಂಜೆ ಏಳಕ್ಕೆ ದೀಪ ಹಾಕಿದರೆ ಗೋಡೆಗಳೆಲ್ಲ ನೇರಳೆ. ಒಂದು ವಾರದ ಹಿಂದಷ್ಟೇ ಮೆಲಮೈನ್ ಪಾಲಿಶ್ ಮಾಡಿಸಿದ್ದ ಹಳೆಯ ಸಾಗುವಾನಿ ಬಾಗಿಲು ಆ ನೇರಳೆಯ ನಡುವೆ ಕಿತ್ತಳೆ ಹಣ್ಣಿನಂತೆ ಉರಿಯುತ್ತಿತ್ತು. ಅಮ್ಮ ಒಮ್ಮೆ ಗೋಡೆ ನೋಡಿದರು, ಒಮ್ಮೆ ಬಾಗಿಲು ನೋಡಿದರು. "ಇವೆರಡಕ್ಕೂ ಜಗಳ ಹತ್ತಿದೆ ಕಣೋ" ಅಂದರು.

ಬಣ್ಣ ಬೆರೆಸುವ ಯಂತ್ರ ಏನೋ ತಪ್ಪು ಮಾಡಿದೆ ಎಂದುಕೊಂಡು ಮರುದಿನ ಬೆಳಿಗ್ಗೆ ಡಬ್ಬದ ತಳದಲ್ಲಿ ಉಳಿದದ್ದನ್ನು ತೆಗೆದುಕೊಂಡು ಅಂಗಡಿಗೆ ಹೋದೆ. ಅಲ್ಲಿದ್ದ ಹುಡುಗ ಬೆರಳ ತುದಿಯಲ್ಲಿ ಚೂರು ಬಣ್ಣ ತೆಗೆದು, ನಾನು ಆರಿಸಿದ್ದ ಅದೇ ಚೀಟಿಯ ಮೇಲೆ ಸವರಿ, ಫ್ಯಾನಿನ ಕೆಳಗೆ ಒಣಗಿಸಿ ತೋರಿಸಿದ. ಸವರಿದ ಗುರುತೇ ಕಾಣಲಿಲ್ಲ. ಬಣ್ಣ ಸರಿಯಾಗಿತ್ತು. ನನ್ನ ಮನೆಯಲ್ಲಿ ಅದು ಬೇರೆಯಾಗಿತ್ತು, ಅಷ್ಟೆ. ಹೀಗೇಕೆ ಎಂದು ಹುಡುಕುತ್ತ ಹೋದ ಮೇಲೆ ಬಣ್ಣದ ಬಗ್ಗೆ ನಾನು ಇಟ್ಟುಕೊಂಡಿದ್ದ ತಿಳಿವಳಿಕೆಯೆಲ್ಲ ಬದಲಾಯಿತು. ಮನೆ ಕಟ್ಟುತ್ತಿರುವವರು, ಗೌರಿ ಹಬ್ಬಕ್ಕೋ ಮದುವೆಗೋ ಸುಣ್ಣಬಣ್ಣ ಮಾಡಿಸಲು ಹೊರಟವರು ಚೀಟಿಯ ಮೇಲೆ ಬೆರಳಿಡುವ ಮುಂಚೆ ಇಷ್ಟನ್ನು ಕೇಳಿಸಿಕೊಳ್ಳಲಿ ಎಂಬುದು ನನ್ನ ಆಸೆ.

ಇಂಥದೇ ದೂರು ಸುಮಾರು 200 ವರ್ಷಗಳ ಹಿಂದೆ ಪ್ಯಾರಿಸ್ಸಿನಲ್ಲಿ ಎದ್ದಿತ್ತು. ಅಲ್ಲಿನ ಗೋಬೆಲಿನ್ ನೇಯ್ಗೆ ಕಾರ್ಖಾನೆ ಅರಮನೆಗಳಿಗೆ ಚಿತ್ರಗಂಬಳಿ ನೇಯುತ್ತಿದ್ದ ಹೆಸರಾಂತ ಜಾಗ. 1824ರಲ್ಲಿ ಮಿಷೆಲ್ ಯೂಜೀನ್ ಶೆವ್ರಲ್ ಎಂಬ ರಸಾಯನ ವಿಜ್ಞಾನಿ ಅಲ್ಲಿಯ ಬಣ್ಣಗಾರಿಕೆಯ ಮುಖ್ಯಸ್ಥನಾಗಿ ಬಂದ. ನೀಲಿ, ನೇರಳೆ ಬಟ್ಟೆಯ ನೆರಳುಗಳಿಗೆ ಬಳಸುವ ಕಪ್ಪು ನೂಲಿನಲ್ಲಿ ಕಸುವಿಲ್ಲ, ಕಪ್ಪು ಬಣ್ಣ ಸರಿಯಾಗಿ ಹಿಡಿದಿಲ್ಲ ಎಂಬುದು ಅಲ್ಲಿ ಕೇಳಿಬಂದ ದೂರು. ಅವನು ಆ ನೂಲನ್ನು ಬೇರೆ ಕಡೆಗಳ ಕಪ್ಪು ನೂಲಿನ ಜೊತೆ ಇಟ್ಟು ಹೋಲಿಸಿದ. ನೂಲಿನಲ್ಲಿ ಕೊರತೆ ಇರಲಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ ನೇರಳೆಗಳು ಕಪ್ಪನ್ನು ಪೇಲವವಾಗಿ ಕಾಣಿಸುತ್ತಿದ್ದವು. 1839ರಲ್ಲಿ ಇದನ್ನೇ ನಿಯಮವಾಗಿ ವಿವರಿಸಿ ದೊಡ್ಡ ಪುಸ್ತಕ ಬರೆದ. ಎರಡು ಬಣ್ಣಗಳು ಅಕ್ಕಪಕ್ಕ ಬಂದರೆ ಕಣ್ಣು ಅವುಗಳ ನಡುವಿನ ವ್ಯತ್ಯಾಸವನ್ನು ಹಿಗ್ಗಿಸಿ ನೋಡುತ್ತದೆ. ಒಂದೊಂದೂ ಇನ್ನೊಂದನ್ನು ತನ್ನ ಎದುರು ಬಣ್ಣದ ಕಡೆಗೆ ತಳ್ಳುತ್ತದೆ. ಕಿತ್ತಳೆಯ ಎದುರು ಬಣ್ಣ ನೀಲಿ, ಹಳದಿಯ ಎದುರು ನೇರಳೆ. ನಮ್ಮ ಬಾಗಿಲು ಪಾಲಿಶ್ ಆದ ಮೇಲೆ ಹಳದಿ ಬೆರೆತ ಕಿತ್ತಳೆಯಾಗಿತ್ತು. ಪಕ್ಕದ ಬೂದಿಗೆ ತನ್ನದೇ ಆದ ಗಟ್ಟಿ ಬಣ್ಣವಿಲ್ಲ, ತಳ್ಳಿದ ಕಡೆಗೆ ಸರಿಯಿತು. ಸರಿದ ಗೋಡೆ ತಿರುಗಿ ಬಾಗಿಲನ್ನು ಇನ್ನಷ್ಟು ಕಿತ್ತಳೆಯಾಗಿಸಿತು. ಅಮ್ಮ ಜಗಳ ಅಂದದ್ದು ಇದನ್ನೇ.

ನಾವು ಸಾಮಾನ್ಯವಾಗಿ ಮಾಡುವ ತಪ್ಪು ಇಲ್ಲೇ ಇದೆ. ಗೋಡೆ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡದು, ಆದ್ದರಿಂದ ಅದರ ಬಣ್ಣವನ್ನು ಮೊದಲು ನಿರ್ಧರಿಸುತ್ತೇವೆ. ಬಾಗಿಲು, ಕಿಟಕಿ, ಕಪಾಟುಗಳ ಪಾಲಿಶನ್ನು ಬಡಗಿಗೋ ಪಾಲಿಶಿನವರಿಗೋ ಬಿಟ್ಟುಬಿಡುತ್ತೇವೆ. ಆದರೆ ಗೋಡೆಯ ಬಣ್ಣ ಸಾವಿರಾರು ಬಗೆಯಲ್ಲಿ ಸಿಗುತ್ತದೆ, ಬೇಡವೆಂದರೆ ಎರಡು ದಿನದಲ್ಲಿ ಬದಲಾಗುತ್ತದೆ. ಮರಕ್ಕೆ ಸಿಗುವ ಬಣ್ಣಗಳು ಬೆರಳೆಣಿಕೆಯಷ್ಟು. ಒಮ್ಮೆ ಮಾಡಿಸಿದ ಪಾಲಿಶನ್ನು ತೆಗೆಸುವುದು ಮಾಡಿಸಿದ್ದಕ್ಕಿಂತ ಹೆಚ್ಚಿನ ಕೆಲಸ. ನೆಲವಂತೂ ಬದಲಾಗುವುದೇ ಅಪರೂಪ. ಬದಲಾಗದ್ದನ್ನು ಮೊದಲು ನೋಡಬೇಕು: ನೆಲ, ಆಮೇಲೆ ಮರ, ಆಮೇಲೆ ಆ ಕೋಣೆಗೆ ಬರುವ ಬೆಳಕು. ಈ ಮೂರೂ ತೀರ್ಮಾನವಾದ ಮೇಲೆ ಗೋಡೆಗೆ ಉಳಿಯುವ ಆಯ್ಕೆ ತೀರ ಕಡಿಮೆ. ಆ ಕಡಿಮೆಯಲ್ಲೇ ಸರಿಯಾದದ್ದು ಇರುತ್ತದೆ.

ಸಾಗರದ ಹತ್ತಿರದ ನಮ್ಮ ಅಜ್ಜಿಮನೆಯಲ್ಲಿ ಯಾರೂ ಬಣ್ಣ ಆರಿಸಿದ ನೆನಪಿಲ್ಲ. ನೆಲಕ್ಕೆ ಕಾವಿ, ಗೋಡೆಗೆ ಸುಣ್ಣ, ಬಾಗಿಲು ದಾರಂದಗಳಿಗೆ ಹಲಸು, ತೊಲೆಗಳಿಗೆ ಮತ್ತಿ. ಗೋಡೆಯ ಬುಡದಲ್ಲಿ ಒಂದೂವರೆ ಅಡಿ ಕೆಮ್ಮಣ್ಣಿನ ಪಟ್ಟಿ. ನವರಾತ್ರಿಗೆ ಮುಂಚೆ ಅಂಗಳದಲ್ಲಿ ಸುಣ್ಣ ಅರಳಿಸುತ್ತಿದ್ದರು. ಸುಟ್ಟ ಸುಣ್ಣದ ಹೆಂಟೆಗಳ ಮೇಲೆ ನೀರು ಹೊಯ್ದರೆ ಭುಸ್ಸೆಂದು ಆವಿ ಏಳುತ್ತಿತ್ತು, ಮಕ್ಕಳನ್ನು ದೂರ ಓಡಿಸುತ್ತಿದ್ದರು. ಅರಳಿದ್ದನ್ನು ಸೋಸಿ, ಚಿಟಿಕೆ ನೀಲಿ ಬೆರೆಸುತ್ತಿದ್ದರು. ಬಟ್ಟೆಗೆ ಹಾಕುವ ಅದೇ ನೀಲಿ. ಸುಣ್ಣಕ್ಕೆ ಸಹಜವಾಗಿ ಇರುವ ನಸುಹಳದಿಯನ್ನು ಅದು ಮುಚ್ಚಿ ಬಿಳಿಯನ್ನು ಇನ್ನಷ್ಟು ಬಿಳಿಯಾಗಿ ತೋರಿಸುತ್ತಿತ್ತು. ಶೆವ್ರಲ್ಲನ ಹೆಸರು ಕೇಳದ ಅಜ್ಜಿಗೆ ಹಳದಿಯನ್ನು ಅಡಗಿಸುವುದು ಯಾವುದೆಂದು ಗೊತ್ತಿತ್ತು.

ಸುಣ್ಣದ ಗುಣವನ್ನು ಸ್ವಲ್ಪ ಹೇಳಲೇಬೇಕು, ಈಗ ಮತ್ತೆ ಅದನ್ನು ಕೇಳುವವರು ಹೆಚ್ಚಾಗಿದ್ದಾರೆ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಕರಾವಳಿಯಲ್ಲಿ ಇದೇ ಕೆಲಸವನ್ನು ಚಿಪ್ಪುಗಳಿಂದ ಮಾಡುತ್ತಾರೆ. ನೀರು ಬೆರೆಸಿ ಗೋಡೆಗೆ ಬಳಿದ ಮೇಲೆ ಸುಣ್ಣ ಗಾಳಿಯಿಂದ ಅದೇ ಅನಿಲವನ್ನು ನಿಧಾನವಾಗಿ ಮರಳಿ ಪಡೆದು ತೆಳುವಾದ ಕಲ್ಲಿನ ಪದರವೇ ಆಗುತ್ತದೆ. ಆ ಪದರದಲ್ಲಿ ಸಣ್ಣ ರಂಧ್ರಗಳಿದ್ದು ಗೋಡೆಯ ತೇವ ಅದರ ಮೂಲಕ ಆರಿಹೋಗುತ್ತದೆ. ಮಣ್ಣಿನ ಗೋಡೆ, ಜಂಬಿಟ್ಟಿಗೆಯ ಗೋಡೆ ಇರುವ ಹಳೆಯ ಮಲೆನಾಡ ಮನೆಗೆ ಪ್ಲಾಸ್ಟಿಕ್ ಎಮಲ್ಷನ್ ಬಳಿದು, ಎರಡನೇ ಮಳೆಗಾಲಕ್ಕೆ ಅದು ಬೊಕ್ಕೆ ಎದ್ದು ಹಾಳೆ ಹಾಳೆಯಾಗಿ ಉದುರುವುದನ್ನು ಕಂಡವರು ಬಹಳ ಮಂದಿ. ತೇವಕ್ಕೆ ಹೊರಗೆ ಹೋಗುವ ದಾರಿ ಮುಚ್ಚಿತು, ಅದು ಬಣ್ಣವನ್ನೇ ತಳ್ಳಿತು. ಅಂಥ ಗೋಡೆಗೆ ಇವತ್ತಿಗೂ ಸುಣ್ಣವೇ ಸರಿ. ಸಿಮೆಂಟ್ ಗಾರೆ, ಪುಟ್ಟಿ, ಪ್ರೈಮರ್ ಆದ ಗೋಡೆಗೆ ಎಮಲ್ಷನ್ ಹೊಂದುತ್ತದೆ. ಹೊಸ ಗಾರೆಯಾದರೆ ಕನಿಷ್ಠ 28 ದಿನ ಕಾಯಬೇಕು. ಹಸಿ ಗಾರೆಯ ಕ್ಷಾರ ಎಷ್ಟೋ ಬಣ್ಣಗಳನ್ನು ಕೆಡಿಸುತ್ತದೆ. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂತೆಂದು ಆ ಕಾಯುವಿಕೆಯನ್ನೇ ಮೊದಲು ಕತ್ತರಿಸುತ್ತೇವೆ. ಇದು ನನಗೆ ಸದಾ ನೋವು ತರುವ ವಿಷಯ.

ಕಾವಿ ನೆಲದ ಮೇಲೆ ಬಿದ್ದ ಬಿಸಿಲು ಗೋಡೆಗೆ ಕೆಂಪಾಗಿ ಚಿಮ್ಮುತ್ತದೆ. ಅಜ್ಜಿಮನೆಯ ಬಿಳಿ ಗೋಡೆ ಬೆಳಗಿನ ಹೊತ್ತು ಕೆಳಗಡೆ ನಸುಗುಲಾಬಿ, ಮೇಲಕ್ಕೆ ಹೋದಂತೆ ಬಿಳಿ. ಅಂಥ ನೆಲದ ಮೇಲಿನ ಗೋಡೆಗೆ ತಿಳಿ ಹಸಿರು ಬಳಿದರೆ ಕೆಳಭಾಗ ಮಂಕಾಗಿ ಕೊಳೆಯಾದಂತೆ ಕಾಣುತ್ತದೆ, ಕೆಂಪು ಬೆಳಕಿನಲ್ಲಿ ಹಸಿರಿಗೆ ಉಳಿಗಾಲವಿಲ್ಲ. ಬಿಳಿ ವಿಟ್ರಿಫೈಡ್ ಟೈಲ್ಸ್ ಹಾಕಿದ ಮನೆಯಲ್ಲಿ ಈ ತೊಂದರೆ ಬರುವುದಿಲ್ಲ; ಅಲ್ಲಿ ಗೋಡೆಗಳೇ ಒಂದರ ಬಣ್ಣವನ್ನು ಇನ್ನೊಂದರ ಮೇಲೆ ಎರಚುತ್ತವೆ. ಚೀಟಿಯಲ್ಲಿ ಮೃದುವಾಗಿದ್ದ ಹಳದಿ ನಾಲ್ಕು ಗೋಡೆಗೂ ಬಳಿದಾಗ ಕಣ್ಣಿಗೆ ಹೊಡೆಯುವುದು ಇದಕ್ಕೇ. ಬೆಳಕು ಹಳದಿ ಗೋಡೆಯಿಂದ ಹಳದಿ ಗೋಡೆಗೆ ಪುಟಿಯುತ್ತ ಪ್ರತಿ ಸಲವೂ ಗಾಢವಾಗುತ್ತ ಹೋಗುತ್ತದೆ. ಆದ್ದರಿಂದ ಇಷ್ಟವಾದ ಬಣ್ಣಕ್ಕಿಂತ ಒಂದು ಮೆಟ್ಟಿಲು ತಿಳಿಯಾದದ್ದನ್ನೇ ತೆಗೆದುಕೊಳ್ಳಿ ಎಂದು ಅನುಭವಿ ಪೇಂಟರ್‌ಗಳು ಹೇಳುತ್ತಾರೆ, ಆ ಮಾತನ್ನು ಕೇಳಬೇಕು.

ಬೆಳಕಿನ ವಿಷಯದಲ್ಲಿ ಯೂರೋಪು ಅಮೆರಿಕದ ಪುಸ್ತಕ ನೋಡಿ ಮೋಸಹೋಗುವುದು ಸುಲಭ. ಉತ್ತರದ ಕಿಟಕಿಗೆ ಎಂದೂ ಬಿಸಿಲು ಬೀಳುವುದಿಲ್ಲ, ಅಲ್ಲಿಯ ಬೆಳಕು ವರ್ಷವಿಡೀ ತಣ್ಣಗೆ ನೀಲಿ, ಆ ಕೋಣೆಗೆ ಬೆಚ್ಚಗಿನ ಬಣ್ಣ ಬಳಿಯಿರಿ ಎಂದು ಅವು ಹೇಳುತ್ತವೆ. ಅವರ ಊರಿಗೆ ಅದು ಬಹುಮಟ್ಟಿಗೆ ನಿಜ. ಕರ್ನಾಟಕ ಪೂರ್ತಿ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿದೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಹೊತ್ತಿಗೆ ಶೂನ್ಯ ನೆರಳಿನ ದಿನ ಬರುತ್ತದೆ, ಮಧ್ಯಾಹ್ನ ನಟ್ಟ ಕಂಬಕ್ಕೂ ನೆರಳಿಲ್ಲ. ಅಂದಿನಿಂದ ಆಗಸ್ಟ್ 18ರ ಸುಮಾರಿಗೆ ಎರಡನೇ ಶೂನ್ಯ ನೆರಳು ಬರುವವರೆಗೆ ನಡುಹಗಲ ಸೂರ್ಯ ನಮ್ಮ ನೆತ್ತಿಯ ಉತ್ತರಕ್ಕಿರುತ್ತಾನೆ. ಉತ್ತರದ ಗೋಡೆಗೆ, ಉತ್ತರದ ಕಿಟಕಿಗೆ ಆ ತಿಂಗಳುಗಳಲ್ಲಿ ನೇರ ಬಿಸಿಲು ಬೀಳುತ್ತದೆ. ಕಲಬುರಗಿ ಬೀದರಗಳಲ್ಲಿ ಈ ಅವಧಿ ಚಿಕ್ಕದು, ಆದರೆ ಇದ್ದೇ ಇದೆ. ಮಲೆನಾಡು ಕರಾವಳಿಗಳಲ್ಲಿ ಅದೇ ಹೊತ್ತಿಗೆ ಮಳೆಮೋಡ ಕವಿದು ನಾಲ್ಕೂ ದಿಕ್ಕಿನಿಂದ ಒಂದೇ ಮಂಕು ಬೆಳಕು. ಹೀಗಿರುವಾಗ ದಿಕ್ಕು ನೋಡಿ ಬಣ್ಣ ಹೇಳುವ ಪಟ್ಟಿಯನ್ನು ನಂಬುವ ಬದಲು ಕಿಟಕಿಯ ಹೊರಗೆ ಏನಿದೆ ಎಂದು ನೋಡುವುದು ಮೇಲು. ಹೊರಗೆ ಮಾವಿನ ಮರವಿದ್ದರೆ ಒಳಗೆ ಬರುವ ಬೆಳಕು ಹಸಿರು. ಪಕ್ಕದ ಮನೆಯವರ ಗೋಡೆ ನಾಲ್ಕಡಿ ದೂರದಲ್ಲಿ ಗುಲಾಬಿಯಾಗಿದ್ದರೆ, ನಿಮ್ಮ ಮಲಗುವ ಕೋಣೆಯ ಬಿಳಿಯೂ ಗುಲಾಬಿಯೇ.

ಸೂರ್ಯ ಮುಳುಗಿದ ಮೇಲೆ ದೀಪದ ಸರದಿ. ಬಲ್ಬಿನ ಡಬ್ಬಿಯ ಮೇಲೆ ಕೆಲ್ವಿನ್ ಎಂದು ಒಂದು ಸಂಖ್ಯೆ ಇರುತ್ತದೆ. 2700ರಿಂದ 3000 ಇದ್ದರೆ ಹಳದಿ ಬೆಳಕು, 4000 ನಡುವಿನದು, 6500 ನೀಲಿ ಬೆರೆತ ಬಿಳಿ. ನಮ್ಮ ಮನೆಗಳಲ್ಲಿ ಬಹುಪಾಲು ಈ ಕೊನೆಯದೇ. ಟ್ಯೂಬ್‌ಲೈಟ್ ಕಾಲದಿಂದ ಅದಕ್ಕೆ ಒಗ್ಗಿಹೋಗಿದ್ದೇವೆ. ನನ್ನ ಹಜಾರದಲ್ಲಿ ಬೂದಿಯನ್ನು ನೇರಳೆಗೆ ತಳ್ಳಿದ ಎರಡನೆಯ ಕೈ ಅದು. ಅದರ ಪಕ್ಕದಲ್ಲೇ ಸಿಆರ್‌ಐ ಎಂಬ ಇನ್ನೊಂದು ಸಂಖ್ಯೆ ಹುಡುಕಿ. ವಸ್ತುಗಳ ಬಣ್ಣವನ್ನು ಆ ದೀಪ ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ, 100ಕ್ಕೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. 80 ಸಾಧಾರಣ. ಮರದ ಕೆಂಪು ಕಂದುಗಳು ಜೀವ ತುಂಬಿ ಕಾಣಬೇಕಾದರೆ 90ರ ಮೇಲಿನದು ಬೇಕು. ನಮ್ಮ ಮನೆಯಲ್ಲಿ ಬಲ್ಬ್ ಬದಲಿಸಿದ ರಾತ್ರಿಯೇ ಅರ್ಧ ಜಗಳ ಅಡಗಿತು.

ಮುಸ್ಸಂಜೆಯ ಮಾತೇ ಬೇರೆ. ಬೆಳಕು ಇಳಿಯುತ್ತಿದ್ದಂತೆ ಕೆಂಪು ಬೇಗ ಕಪ್ಪಾಗುತ್ತದೆ, ನೀಲಿ ಹಸಿರು ಇನ್ನೂ ಹೊತ್ತು ಹೊಳೆಯುತ್ತವೆ. ಅಂಗಳದ ಕೆಂಪು ದಾಸವಾಳ ಎಲೆಗಿಂತ ಮೊದಲು ಕತ್ತಲಲ್ಲಿ ಕರಗುವುದನ್ನು ಯಾರು ಬೇಕಾದರೂ ನೋಡಬಹುದು. ಬೊಹೀಮಿಯಾದ ಪುರ್ಕಿನ್ಯೆ ಎಂಬ ವಿಜ್ಞಾನಿ 19ನೇ ಶತಮಾನದ ಆರಂಭದಲ್ಲಿ ಇದನ್ನು ಗುರುತಿಸಿದ. ನಮ್ಮ ಸಿ.ವಿ. ರಾಮನ್ ತಮ್ಮ ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಕೂತು ಹೂಗಳ ಬಣ್ಣವನ್ನೂ ಕಣ್ಣು ಬಣ್ಣ ಕಾಣುವ ಬಗೆಯನ್ನೂ ಹಟ ಹಿಡಿದು ಅಭ್ಯಾಸ ಮಾಡಿದರು; ದೃಷ್ಟಿಯ ಕುರಿತ ಅವರ ಪುಸ್ತಕ ಬಂದದ್ದು 1968ರಲ್ಲಿ, ಅವರಿಗೆ 80 ತುಂಬುವ ವರ್ಷ. ಕಣ್ಣಿನ ಈ ಗುಣ ಮನೆಗೆ ಬಂದರೆ ಹೀಗೆ: ಬೀಟೆ ಮರದ ಕಪಾಟು, ಗಾಢ ಕೆಂಪು ಗೋಡೆ ಇರುವ ಕೋಣೆ ಸಂಜೆ ಆರಕ್ಕೇ ಕತ್ತಲಾಗುತ್ತದೆ. ಸಂಜೆ ಕೂತು ಓದುವ, ಕಾಫಿ ಕುಡಿಯುವ ಕೋಣೆಗೆ ಗಾಢ ಮರವಿದ್ದರೆ ಗೋಡೆ ತಿಳಿಯಾಗಿರಲಿ.

ಇನ್ನು ಮರ. ನನ್ನ ಮನಸ್ಸು ಹೆಚ್ಚು ನಿಲ್ಲುವುದು ಇಲ್ಲಿ. ಮರಕ್ಕೆ ಒಂದೇ ಬಣ್ಣ ಎಂಬುದಿಲ್ಲ, ಅದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆಗ ತಾನೇ ಹತ್ತರಿ ಹೊಡೆದ ಸಾಗುವಾನಿಯಲ್ಲಿ ಹಸಿರು ಛಾಯೆಯ ಗೀರುಗಳು ಕಾಣುತ್ತವೆ. ಕೆಲವು ವಾರ ಬೆಳಕು ತಗುಲಿದರೆ ಅವು ಮಾಯವಾಗಿ ಮರ ಹೊನ್ನಿನ ಕಂದಿಗೆ ತಿರುಗುತ್ತದೆ. ಹಲಸಿನ ಹಲಗೆ ಕೊಯ್ದ ದಿನ ಅರಿಶಿನದಂತೆ ಹಳದಿ, ಮೊಮ್ಮಕ್ಕಳ ಕಾಲಕ್ಕೆ ಕೆಂಗಂದು. ಬೀಟೆಯ ನೇರಳೆ ಬಿಸಿಲಿಗೆ ತಗ್ಗಿ ಬರಿಯ ಕಂದಾಗುತ್ತದೆ. ಹೊನ್ನೆ ಒದ್ದೆಯಾದರೆ ಹಳದಿ ಕಲೆ ಬಿಡುತ್ತದೆ, ಬಿಳಿ ಗೋಡೆಗೆ ತಾಗಿಸಿ ಇಡುವಾಗ ನೆನಪಿರಬೇಕು. ಒಂದೇ ಹಲಗೆಯಲ್ಲಿ ಚೇಗಿನ ಭಾಗ ಗಾಢ, ಹೊರಗಿನ ಎಳೆಮರ ತಿಳಿ. ಈ ವ್ಯತ್ಯಾಸವನ್ನು ಮುಚ್ಚಲು ಪಾಲಿಶಿನವರು ಸ್ಟೇನ್ ಹಾಕುತ್ತಾರೆ, ವಾಲ್‌ನಟ್ ಎನ್ನುತ್ತಾರೆ, ಮಹಾಗನಿ ಎನ್ನುತ್ತಾರೆ. ಒಳ್ಳೆಯ ಸಾಗುವಾನಿಗೆ ವಾಲ್‌ನಟ್ ಸ್ಟೇನ್ ಬಳಿಯುವುದನ್ನು ನಾನು ಒಪ್ಪಲಾರೆ. ಅದರ ಹೊನ್ನಿನ ಕಂದು ಪೂರ್ತಿ ಮಾಗಲು ವರ್ಷಗಳೇ ಬೇಕು, ಆ ವರ್ಷಗಳನ್ನು ಅದಕ್ಕೆ ಕೊಡಬೇಕು. ಸಿಲ್ವರ್ ಓಕ್, ಬೇವು, ರಬ್ಬರ್ ಮರಕ್ಕೆ ಸ್ಟೇನ್ ಹಾಕಿದರೆ ತಕರಾರಿಲ್ಲ.

ಹಳೆಯ ರೀತಿಯ ಫ್ರೆಂಚ್ ಪಾಲಿಶ್ ಮಾಡುವವರೊಬ್ಬರನ್ನು ಎರಡು ದಿನ ಪಕ್ಕದಲ್ಲಿ ಕೂತು ನೋಡಿದ್ದೇನೆ. ಹಳೆಯ ಬನಿಯನ್ನಿನ ಬಟ್ಟೆಯೊಳಗೆ ಹತ್ತಿ ತುರುಕಿ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿದರು. ಅರಗಿನ ಚಕ್ಕೆಗಳನ್ನು ಸ್ಪಿರಿಟಿನಲ್ಲಿ ಹಿಂದಿನ ರಾತ್ರಿಯೇ ಕರಗಿಸಿ ಬಾಟಲಿಯಲ್ಲಿ ಇಟ್ಟಿದ್ದರು, ಬಣ್ಣ ಕಾಸಿದ ಬೆಲ್ಲದ ಪಾಕದ್ದು. ಉಂಡೆಗೆ ಅದನ್ನು ಕುಡಿಸಿ, ಅಂಗೈಗೆ ಒತ್ತಿ ಹೆಚ್ಚಿನದನ್ನು ಹಿಂಡಿ, ತಳಕ್ಕೆ ಒಂದು ಹನಿ ಎಣ್ಣೆ ಮುಟ್ಟಿಸಿ ಬಾಗಿಲ ಮೇಲೆ ಆಡಿಸತೊಡಗಿದರು. ಕೈ ಮೊದಲು ಸುತ್ತು ಸುತ್ತಾಗಿ, ಆಮೇಲೆ ಎಂಟರ ಆಕಾರದಲ್ಲಿ, ಕೊನೆಗೆ ಮರದ ಎಳೆಯ ಉದ್ದಕ್ಕೆ. ಎಲ್ಲಿಯೂ ನಿಲ್ಲಬಾರದು, ನಿಂತರೆ ಉಂಡೆ ಅಂಟಿ ಹಿಂದಿನ ಪದರವನ್ನೂ ಕಿತ್ತುಬಿಡುತ್ತದೆ. ಹಾದುಹೋದ ಕಡೆ ಉಸಿರು ತಾಗಿದಂತೆ ಒಂದು ಮಂಜು ಕಾಣಿಸಿ ಕ್ಷಣದಲ್ಲಿ ಮಾಯವಾಗುತ್ತಿತ್ತು. "ಆ ಮಂಜು ಬಂದರೆ ಸರಿಯಾಗಿ ಕೂರ್ತಾ ಇದೆ ಅಂತ" ಎಂದರು. ಒಂದು ಪದರ ಕೂದಲಿಗಿಂತ ತೆಳು. ಹತ್ತಾರು ಪದರ ಆದ ಮೇಲೆ ಮರದೊಳಗೆ ದೀಪ ಇಟ್ಟ ಹಾಗೆ ಎಳೆಗಳು ಆಳದಿಂದ ಹೊಳೆಯತೊಡಗಿದವು.

ಈ ಅರಗು ಒಂದು ಪುಟ್ಟ ಕೀಟದ ಕೊಡುಗೆ. ಮುತ್ತುಗ, ಬೋರೆಯಂಥ ಮರಗಳ ರೆಂಬೆಗೆ ಸಾವಿರಗಟ್ಟಲೆ ಅಂಟಿಕೊಂಡು ಅದು ತನ್ನ ರಕ್ಷಣೆಗೆ ಸುರಿಸುವ ಅಂಟು. ಚನ್ನಪಟ್ಟಣದಲ್ಲಿ ಇದೇ ಅರಗಿಗೆ ಬಣ್ಣ ಬೆರೆಸಿ ಕಡ್ಡಿ ಮಾಡಿ, ತಿರುಗುವ ಹಾಲೆ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಹರಡುತ್ತದೆ, ತಾಳೆಗರಿ ಹಿಡಿದರೆ ಹೊಳಪು ಬರುತ್ತದೆ. ಸ್ಪಿರಿಟೂ ಬೇಡ, ಕುಂಚವೂ ಬೇಡ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಸ್ಥಾಪಿಸಿದ ಕಾರ್ಖಾನೆಯ ಹೆಸರಿನಲ್ಲೇ ಅರಗು ಇತ್ತು: ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಈಗದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಅಲ್ಲಿಂದಲೇ ಬರುತ್ತಿರುವುದರಿಂದ, ಅದರ ಹುಟ್ಟಿನ ಹೆಸರಿನಲ್ಲಿ ಅರಗು ಮತ್ತು ಬಣ್ಣ ಇದ್ದವೆಂಬುದು ಮರೆತೇಹೋಗಿದೆ.

ಅರಗಿನ ಪಾಲಿಶಿಗೆ ಒಂದು ದೊಡ್ಡ ದೌರ್ಬಲ್ಯವಿದೆ. ಬಿಸಿ ಕಾಫಿ ಲೋಟ ಇಟ್ಟರೆ, ನೀರು ನಿಂತರೆ ಬಿಳಿ ಉಂಗುರ ಮೂಡುತ್ತದೆ. ಆದ್ದರಿಂದ ಊಟದ ಮೇಜಿಗೆ, ಅಡುಗೆಮನೆಯ ಕಪಾಟಿಗೆ ಅದು ಬೇಡ. ದೇವರ ಕೋಣೆಯ ಬಾಗಿಲು, ಪುಸ್ತಕದ ಕಪಾಟು, ಅಜ್ಜನ ಕಾಲದ ಪೆಟ್ಟಿಗೆಗೆ ಅದಕ್ಕಿಂತ ಚೆಂದದ್ದಿಲ್ಲ. ಕೆಟ್ಟರೆ ಅಷ್ಟೇ ಜಾಗವನ್ನು ಮತ್ತೆ ಉಜ್ಜಿ ಸರಿಪಡಿಸಬಹುದು. ಮೆಲಮೈನ್ ಗಟ್ಟಿ, ಬೇಗ ಮುಗಿಯುತ್ತದೆ, ಖರ್ಚು ಮಧ್ಯಮ. ಆದರೆ ಕಟುವಾದ ವಾಸನೆ, ಕಾಲ ಕಳೆದಂತೆ ಹಳದಿಗೆ ತಿರುಗುವ ಗುಣ, ಜೊತೆಗೆ ಬಿಸಿಲು ಮಳೆಗೆ ತಡೆಯದು. ಪಿಯು ಎನ್ನುವ ಪಾಲಿಯುರಿಥೇನ್ ಎಲ್ಲಕ್ಕಿಂತ ಗಟ್ಟಿ, ನೀರಿಗೆ ಅಂಜದು. ನೀರು ಆಧಾರಿತ ಪಿಯು ಮರದ ಬಣ್ಣವನ್ನು ಇದ್ದಂತೆಯೇ ಉಳಿಸುತ್ತದೆ, ಎಣ್ಣೆ ಆಧಾರಿತವಾದದ್ದು ಜೇನಿನ ಛಾಯೆ ಕೊಡುತ್ತದೆ. ಹೊರಬಾಗಿಲಿಗೆ ಹೊರಾಂಗಣಕ್ಕೆಂದೇ ಇರುವ ಪಿಯುವನ್ನೇ ಕೇಳಿ ತೆಗೆದುಕೊಳ್ಳಬೇಕು. ಮಿರುಗು ಎಷ್ಟಿರಬೇಕು ಎಂಬುದನ್ನೂ ಮೊದಲೇ ಹೇಳಬೇಕು, ಹೇಳದಿದ್ದರೆ ಪೂರ್ತಿ ಹೊಳಪು ಬರುತ್ತದೆ. ಹೊಳೆಯುವ ಮರದಲ್ಲಿ ಕಾಣುವುದು ಕಿಟಕಿಯ ಪ್ರತಿಬಿಂಬ. ಮ್ಯಾಟ್ ಮಾಡಿಸಿದರೆ ಮರ ಕಾಣುತ್ತದೆ.

ಎಣ್ಣೆಯದು ಎಲ್ಲಕ್ಕಿಂತ ಹಳೆಯ ದಾರಿ. ಅಗಸೆ ಎಣ್ಣೆ ಆರುವುದು ನೀರಿನಂತೆ ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತ. ಆಗ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಆ ಶಾಖ ಒಳಗೇ ಕೂಡಿಕೊಂಡು ಬೆಂಕಿ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಬಿಡಿಸಿ ಹೊರಗೆ ಹರವಬೇಕು, ಇಲ್ಲವೇ ನೀರಲ್ಲಿ ಅದ್ದಬೇಕು. ಇದನ್ನು ಕೆಲಸದವರಿಗೆ ಬಾಯಿಬಿಟ್ಟು ಹೇಳಿ. ಕರಾವಳಿಯ ಹಳೆಯ ಮನೆಗಳಲ್ಲಿ ತೊಲೆ ಜಂತಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಗೆದ್ದಲು ಹತ್ತಿರ ಸುಳಿಯದಂತೆ ಕಾಯುವ ಆ ಎಣ್ಣೆ ಮರವನ್ನು ಕಪ್ಪಾಗಿಸುತ್ತದೆ. ಸುಣ್ಣದ ಬಿಳಿಯ ಮೇಲೆ ಆ ಕಪ್ಪು ತೊಲೆಗಳ ಸಾಲು ಕಂಡವರು, ಈಗಿನ ಫಾಲ್ಸ್ ಸೀಲಿಂಗಿಗೆ ಅಂಟಿಸುವ ಪ್ಲಾಸ್ಟಿಕ್ ಪಟ್ಟಿಗಳು ಯಾವುದನ್ನು ನೆನೆಯುತ್ತಿವೆ ಎಂದು ಗುರುತಿಸಬಲ್ಲರು.

ಯಾವ ಪಾಲಿಶೇ ಆಗಲಿ, ಅದರ ಅರ್ಧ ಗುಣ ಉಪ್ಪುಕಾಗದದಲ್ಲಿದೆ. 120ರಿಂದ ಶುರುಮಾಡಿ 180, 220, ಕೋಟುಗಳ ನಡುವೆ 320, 400. ಎಳೆಯ ಉದ್ದಕ್ಕೇ ಉಜ್ಜಬೇಕು. ಅಡ್ಡ ಉಜ್ಜಿದ ಗೀರು ಸ್ಟೇನ್ ಕುಡಿದು ಕಪ್ಪು ಗೆರೆಯಾಗಿ ನಿಲ್ಲುತ್ತದೆ. ಸಾಗುವಾನಿ, ಬೀಟೆಗಳಲ್ಲಿ ಸಹಜ ಎಣ್ಣೆ ಇರುವುದರಿಂದ ಮೊದಲ ಕೋಟಿಗೆ ಮುಂಚೆ ಥಿನ್ನರಿನಲ್ಲಿ ಒರೆಸದಿದ್ದರೆ ಪಾಲಿಶ್ ಹಿಡಿಯುವುದಿಲ್ಲ. ಹಳೆಯ ಮನೆಯ ಕಿಟಕಿ, ಕಂಬಿಗಳ ಇನಾಮಲ್ ಬಣ್ಣವನ್ನು ಮಾತ್ರ ಒಣ ಕಾಗದದಲ್ಲಿ ಉಜ್ಜಬೇಡಿ. ಮನೆಗೆ ಬಳಸುವ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೆ ಮುಂಚಿನ ಪದರಗಳಲ್ಲಿ ಎಷ್ಟಿದೆಯೋ ಕಣ್ಣಿಗೆ ಕಾಣದು. ಆ ಧೂಳು ಚಿಕ್ಕ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ನೀರು ಹಾಕಿ ಉಜ್ಜಿಸಿ, ಮಾಸ್ಕ್ ಕೊಡಿಸಿ, ಮಕ್ಕಳನ್ನೂ ಬಸುರಿಯರನ್ನೂ ಆ ದಿನಗಳಲ್ಲಿ ಬೇರೆ ಕಡೆ ಇರಿಸಿ.

ಮರ ತೀರ್ಮಾನವಾದ ಮೇಲೆ ಗೋಡೆ ಸುಲಭ. ಸಾಗುವಾನಿ, ಹಲಸಿನಂಥ ಹೊನ್ನು ಬಣ್ಣದ ಮರಕ್ಕೆ ನೀಲಿ ಬೂದಿ, ನೀಲಿ ಬಿಳಿ ಎರಡೂ ಜಗಳಗಂಟಿಗಳು. ಕೆನೆ ಬಿಳಿ, ಗೋಧಿಹಿಟ್ಟಿನ ಬಣ್ಣ, ಒಣಹುಲ್ಲಿನ ತಿಳಿಹಳದಿ, ಒಣಗಿದ ಎಲೆಯ ಮಾಸಲು ಹಸಿರು ಹೊಂದುತ್ತವೆ. ಬೀಟೆ, ಮತ್ತಿಯಂಥ ಗಾಢ ಮರಕ್ಕೆ ಬಿಳಿ ಗೋಡೆ ಯಾವತ್ತೂ ಸೋಲುವುದಿಲ್ಲ, ನೀಲಿಯನ್ನೂ ಅದು ತಡೆದುಕೊಳ್ಳುತ್ತದೆ. ಬಿಳಿಯಲ್ಲೂ ಹಳದಿ ಬಿಳಿ, ಗುಲಾಬಿ ಬಿಳಿ, ಹಸಿರು ಬಿಳಿ ಇವೆ. ಚೀಟಿಯನ್ನು ಒಂದು ಹಾಳೆ ಬಿಳಿ ಕಾಗದದ ಮೇಲಿಟ್ಟರೆ ಒಳಗಿನ ಬಣ್ಣ ತಾನೇ ಹೊರಬರುತ್ತದೆ. ಯಾವುದು ಯಾವುದಕ್ಕೆ ಹೊಂದುತ್ತದೆ ಎಂಬ ಅನುಮಾನ ಬಂದರೆ ನಾನು ಮಲೆನಾಡಿನ ದೀವರ ಮನೆಗಳ ಹಸೆ ಚಿತ್ತಾರವನ್ನು ನೆನೆಯುತ್ತೇನೆ. ಕೆಮ್ಮಣ್ಣಿನ ಕೆಂಪು, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ನಾಲ್ಕೇ. ಸುತ್ತಲಿನ ನೆಲ, ಪೈರು, ಒಲೆಯಿಂದ ಬಂದ ಆ ನಾಲ್ಕು ಬಣ್ಣಗಳ ನಡುವೆ ಹಲಸಿನ ಬಾಗಿಲು ಎಂದೂ ಪರಕೀಯವಾಗಿ ಕಾಣಲಿಲ್ಲ.

ಗೋಡೆಯ ಮೇಲೆ ನೇರವಾಗಿ ಸ್ಯಾಂಪಲ್ ಬಳಿಸುವ ಪದ್ಧತಿ ನನಗೆ ಹಿಡಿಸದು, ಸುತ್ತಲಿನ ಹಳೆಯ ಬಣ್ಣ ಕಣ್ಣನ್ನು ದಾರಿತಪ್ಪಿಸುತ್ತದೆ. ಎರಡಡಿ ಉದ್ದಗಲದ ರಟ್ಟಿಗೋ ಪ್ಲೈವುಡ್ಡಿಗೋ ಬಿಳಿ ಪ್ರೈಮರ್ ಹೊಡೆದು, ಅಂಚಿನಲ್ಲಿ ಎರಡಿಂಚು ಬಿಳಿ ಉಳಿಸಿ, ಎರಡು ಕೋಟು ಬಣ್ಣ ಬಳಿಯಿರಿ. ಅದನ್ನು ಬಾಗಿಲ ಚೌಕಟ್ಟಿಗೆ ತಾಗಿಸಿ ನಿಲ್ಲಿಸಿ ನೋಡಿ, ಕಿಟಕಿಯ ಎದುರು ಇಟ್ಟು ನೋಡಿ, ಕತ್ತಲ ಮೂಲೆಯಲ್ಲಿ ನೋಡಿ. ಬೆಳಿಗ್ಗೆ, ಮೂರು ಗಂಟೆಗೆ, ದೀಪ ಹಾಕಿದ ಮೇಲೆ. ಪಾಲಿಶಿಗೂ ಹೀಗೆಯೇ: ಅದೇ ಮರದ ತುಂಡಿನ ಮೇಲೆ ಪೂರ್ತಿ ಕೋಟು ಮಾಡಿಸಿ ನೋಡದೆ ಬಾಗಿಲಿಗೆ ಕೈ ಹಾಕಲು ಬಿಡಬೇಡಿ. ಒಂದು ಕೋಣೆಗೆ ಬೇಕಾದ ಬಣ್ಣವನ್ನೆಲ್ಲ ಒಂದೇ ಸಲ ತಂದು, ಡಬ್ಬಗಳನ್ನು ದೊಡ್ಡ ಬಕೆಟ್ಟಿನಲ್ಲಿ ಕೂಡಿಸಿ ಕದಡಿಸಿ. ಒಂದೇ ಸಂಖ್ಯೆಯ ಎರಡು ಡಬ್ಬಗಳ ನಡುವೆಯೂ ಕೂದಲೆಳೆಯ ವ್ಯತ್ಯಾಸವಿರುತ್ತದೆ, ಗೋಡೆಯ ನಡುವೆ ಅದು ಗೆರೆಯಾಗಿ ಕಾಣುತ್ತದೆ.

ನಮ್ಮ ಬಾಗಿಲ ಮೆಲಮೈನನ್ನು ಕೆರೆದು ತೆಗೆಯಲು ಆರು ದಿನ ಹಿಡಿಯಿತು. ಅಡಿಯಲ್ಲಿ ಅಜ್ಜನ ಕಾಲದ ಕೊಡಲಿ ಗಾಯವೊಂದು ಸಿಕ್ಕಿತು, ಮುಚ್ಚಿಸದೆ ಹಾಗೇ ಬಿಟ್ಟೆವು. ಅರಗಿನ ಪಾಲಿಶ್ ಆಯಿತು, ಗೋಡೆ ಕೆನೆ ಬಿಳಿಯಾಯಿತು. ಈಗ ಅಮ್ಮನ ಕೋಣೆಯ ಸರದಿ. ಅಲ್ಲಿ ಹಲಸಿನ ಮಂಚವಿದೆ, ಕಿಟಕಿಯ ಹೊರಗೆ ಸೀಬೆ ಗಿಡವಿದೆ. ಮೂರು ಪ್ಲೈವುಡ್ ತುಂಡುಗಳಿಗೆ ಮೂರು ಬಣ್ಣ ಬಳಿದು ಕೊಟ್ಟಿದ್ದೇನೆ. ಅವರು ಹತ್ತು ದಿನದಿಂದ ಅವನ್ನು ಮಂಚದ ತಲೆದಿಂಬಿನ ಕಡೆ, ಕಾಲ ಕಡೆ ಬದಲಿಸಿ ಬದಲಿಸಿ ಇಡುತ್ತಿದ್ದಾರೆ, ಮಲಗಿಕೊಂಡು ನೋಡುತ್ತಾರೆ, ಎದ್ದು ಕೂತು ನೋಡುತ್ತಾರೆ. ಮಾಸಲು ಹಸಿರಿನದನ್ನು ಮೊನ್ನೆ ಹೊರಗಿಟ್ಟರು. ಉಳಿದ ಎರಡರಲ್ಲಿ ಯಾವುದೆಂದು ನಿನ್ನೆ ಕೇಳಿದೆ. "ತಾಳು, ಒಂದು ಮಳೆ ಬರಲಿ. ಮೋಡ ಇದ್ದಾಗ ಮಂಚದ ಪಕ್ಕ ಹೇಗೆ ಕಾಣುತ್ತೋ ನೋಡಿ ಹೇಳ್ತೀನಿ" ಅಂದಿದ್ದಾರೆ.